ನರೋಣಾದಿಂದ ಕಂದುಕೋತ್ಸವಕ್ಕೆ

ಅರುವತ್ತು ವರ್ಷ ದಾಟಿದ ಮೇಲೆ ಮನುಷ್ಯನು ಹೊಸದಾಗಿ ಕಲಿಯತಕ್ಕದ್ದು ಬಹಳವಿಲ್ಲವೆಂದು ನಾನು ತಿಳಿದಿದ್ದೆನು. ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಮೂರು ದಶಕಗಳಿಗೂ ಮಿಕ್ಕಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, ನಿವೃತ್ತನಾಗಿ, ನರೋಣಾದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹಳೆಯ ಗ್ರಂಥಗಳನ್ನು ತಿರುವಿಹಾಕುತ್ತ ಕಾಲ ಕಳೆಯುವವನು ನಾನು. ಚೆಂಡಾಟದ ಅಂಗಳದ ಅಂಚಿನಲ್ಲಿ ಒಂದು ಇಡೀ ಹಗಲು ಕುಳಿತುಕೊಳ್ಳುವ ಪ್ರಸಂಗ ನನಗೆ ಬಂದೀತೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆನು. 2024ರ ಕಾರ್ತಿಕ ಮಾಸದಲ್ಲಿ ಅದೇ ನಡೆದುಹೋಯಿತು. ಆ ದಿನದ ವೃತ್ತಾಂತವನ್ನೂ, ಅದರಿಂದ ನನಗೆ ತಿಳಿದುಬಂದ ನನ್ನದೇ ಒಂದು ತಪ್ಪನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನರೋಣಾ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನದು. ಕ್ಷೇಮಲಿಂಗೇಶ್ವರನ ಗುಡಿಯಿಂದಾಗಿ ಸುತ್ತಿನ ಜನಕ್ಕೆ ಈ ಊರಿನ ಹೆಸರು ಪರಿಚಿತವಾದುದು. ಊರ ಸುತ್ತ ಕರಿಯ ಎರೆಭೂಮಿ. ಮಳೆ ಬಿದ್ದರೆ ಕಾಲಿಗೆ ಅಂಟಿಕೊಂಡು ಬಿಡದ ಮಣ್ಣು, ಬೇಸಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುವ ಮಣ್ಣು. ತೊಗರಿ, ಜೋಳ, ಕಡಲೆ ಇವೇ ನಮ್ಮ ಬೆಳೆಗಳು. ಈ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೇಳೆಯ ರುಚಿಯನ್ನು ಬಲ್ಲ ನಮ್ಮ ಮನೆಯ ಹೆಂಗಸರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಕಾರ್ತಿಕದಲ್ಲಿ ತೊಗರಿಯ ಹೊಲಗಳು ಹಳದಿಯ ಹೂ ಬಿಟ್ಟು ನಿಂತಿರುವಾಗ ಕಲಬುರಗಿಗೆ ಪ್ರಯಾಣ ಮಾಡುವುದು ಕಣ್ಣಿಗೆ ಹಬ್ಬವೇ ಸರಿ.

ಪ್ರಯಾಣದ ಕಾರಣವನ್ನು ಹೇಳುತ್ತೇನೆ. ನನ್ನ ತಮ್ಮನ ಕಿರಿಯ ಮಗಳು ನಮ್ಮ ಭಾಗದ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಓದುತ್ತಾಳೆ. ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಆ ಕಾಲೇಜಿನ ಹುಡುಗಿಯರು ಆ ವರ್ಷ ಮೊತ್ತಮೊದಲ ಬಾರಿಗೆ ಹೊರಟಿದ್ದರು. ಹಿಂದಿನ ದಿನ ಸಂಜೆ ಅವಳು ಕಟ್ಟೆಯ ಹತ್ತಿರ ಬಂದು ನಿಂತಳು.

“ದೊಡ್ಡಪ್ಪ, ನಾಳೆ ಕಲಬುರಗ್ಯಾಗ ನಮ್ಮ ಮ್ಯಾಚ್ ಅದರಿ. ಅಪ್ಪಗ ಹೊಲ ಬಿಟ್ಟು ಬರಲಿಕ್ಕ ಆಗಂಗಿಲ್ಲ. ನೀವು ಬರ್ತೀರೇನ್ರಿ?”

“ನಾ ಬಂದು ಏನು ಮಾಡ್ಲವ್ವಾ? ನನಗ ಆಟದ ಗಂಧ ಇಲ್ಲ.”

“ಮಾಡೂದೇನಿಲ್ರಿ. ನಮ್ಮವರು ಅಂತ ಒಬ್ಬರು ಕುಂತಿರಬೇಕು, ಅಷ್ಟ.”

ಈ ಮಾತಿಗೆ ಎದುರುತ್ತರ ನನ್ನಲ್ಲಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯಗಳ ಬುತ್ತಿಯನ್ನು ಕಟ್ಟಿಸಿಕೊಂಡು ಹೊರಟೆನು. ತಂಡದ ಏಳು ಮಂದಿ ಹುಡುಗಿಯರೂ ಅದೇ ಬಸ್ಸಿನಲ್ಲಿದ್ದರು. ಅವರಲ್ಲಿ ನಾಲ್ವರು ನನ್ನ ಶಾಲೆಯಲ್ಲಿಯೇ ಓದಿದವರು. ಎದ್ದುನಿಂತು ನಮಸ್ಕರಿಸಿ, ನನಗೆ ಕಿಟಕಿಯ ಪಕ್ಕದ ಸ್ಥಳವನ್ನು ಬಿಟ್ಟುಕೊಟ್ಟರು.

ದಾರಿಯಲ್ಲಿ ನನ್ನ ಮನಸ್ಸು ಹಿಂದಕ್ಕೆ ಓಡಿತು. 1948ರ ಸೆಪ್ಟೆಂಬರದವರೆಗೆ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಬೇಕಾಗಿದ್ದ ಕಾಲ ಅದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. ಇಂದಾದರೋ, 1980ರಲ್ಲಿ ಕಲಬುರಗಿಯಲ್ಲಿಯೇ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವೇ ನಮ್ಮ ತಾಲ್ಲೂಕಿನ ಕಡಗಂಚಿಗೆ ಬಂದಿತು. ನಮ್ಮ ಅಜ್ಜಿಯರು ಸಹಿ ಮಾಡಲು ಹೆಬ್ಬೆರಳನ್ನು ಒತ್ತಿದವರು. ಅವರ ಮರಿಮಕ್ಕಳು ಬೆನ್ನ ಮೇಲೆ ಅಂಕಿ ಬರೆದ ಅಂಗಿಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹಾಡುತ್ತಿದ್ದಾರೆ. ಇದನ್ನು ನೋಡಿದಾಗ ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆ.

ಅಂಗಳವನ್ನು ತಲಪಿದಾಗ ಇನ್ನೂ ಎಳೆಬಿಸಿಲು. ಸಿಮೆಂಟಿನ ನುಣುಪಾದ ನೆಲ, ಬಿಳಿಯ ಗೆರೆಗಳು, ಎರಡು ಕೊನೆಗಳಲ್ಲಿ ಎರಡು ಕಂಬ. ಒಂದೊಂದು ಕಂಬಕ್ಕೂ ಒಂದು ಹಲಗೆ, ಹಲಗೆಗೆ ಒಂದು ಕಬ್ಬಿಣದ ಬಳೆ, ಬಳೆಗೆ ತೂಗುಬಿದ್ದ ಬಲೆ. ಆಟವನ್ನು ಕಾಣದ ವಾಚಕರಿಗಾಗಿ ಅದರ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಅಂಗಳದ ಉದ್ದ 28 ಮೀಟರು, ಅಗಲ 15 ಮೀಟರು; ಬಳೆಯ ಎತ್ತರ ಹತ್ತು ಅಡಿ. ಒಂದೊಂದು ಕಡೆಗೆ ಐವರು ಆಡುತ್ತಾರೆ. ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಓಡಕೂಡದು. ನೆಲಕ್ಕೆ ಪುಟಿಸುತ್ತ ಸಾಗಬೇಕು, ಇಲ್ಲವೆ ಜೊತೆಯವರಿಗೆ ಎಸೆಯಬೇಕು. ಎದುರಾಳಿಗಳ ಬಳೆಯೊಳಗೆ ಚೆಂಡನ್ನು ಇಳಿಸಿದರೆ ಎರಡು ಅಂಕ. ದೂರದ ಕಮಾನುಗೆರೆಯ ಹೊರಗಿನಿಂದ ಇಳಿಸಿದರೆ ಮೂರು. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗಾಗಿ ಬಳೆಯತ್ತ ಎಸೆಯದಿದ್ದರೆ ಅದು ಎದುರಾಳಿಗಳ ಪಾಲು. ಮೈಮೇಲೆ ಬಿದ್ದರೆ ಫೌಲು. ಐದು ಫೌಲು ಮಾಡಿದವರು ಆಟವನ್ನು ಬಿಟ್ಟು ಹೊರಗೆ ಕುಳಿತುಕೊಳ್ಳಬೇಕು. ಹತ್ತು ಹತ್ತು ನಿಮಿಷಗಳ ನಾಲ್ಕು ಪಾದಗಳು. ನಾಲ್ಕು ಪಾದಗಳೆಂದೊಡನೆ ಅನುಷ್ಟುಪ್ಪಿನ ನೆನಪಾಗಿ ನಾನು ಸ್ವಲ್ಪ ಹತ್ತಿರದವನಾದೆನು.

ನನ್ನ ಪಕ್ಕದಲ್ಲಿ ಕುಳಿತಿದ್ದವರು ಬೇರೊಂದು ಕಾಲೇಜಿನ ದೈಹಿಕ ಶಿಕ್ಷಣದ ನಿರ್ದೇಶಕರು, ಮಾತುಗಾರರು. ಈ ಆಟದ ಹುಟ್ಟನ್ನು ಅವರು ವಿವರಿಸಿದರು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯೊಂದಿದ್ದಿತು. ಚಳಿಗಾಲದಲ್ಲಿ ಹೊರಗೆ ಆಡಲಾರದೆ ಬೇಸತ್ತ ತರುಣರಿಗಾಗಿ, ಮನೆಯೊಳಗೆ ಆಡತಕ್ಕ ಆಟವೊಂದನ್ನು ಕಟ್ಟಿಕೊಡಬೇಕೆಂದು ಅಲ್ಲಿಯ ಉಪಾಧ್ಯಾಯರಾದ ಜೇಮ್ಸ್ ನೈಸ್ಮಿತ್ ಎಂಬವರಿಗೆ ಅಪ್ಪಣೆಯಾಯಿತು. ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಂತಸ್ತಿನ ಕಟಾಂಜನಕ್ಕೆ ಹೊಡೆಯಿಸಿದರು. ಅದರ ಎತ್ತರ ಹತ್ತು ಅಡಿ ಇದ್ದುದರಿಂದಲೇ ಇಂದಿಗೂ ಬಳೆಯ ಎತ್ತರ ಹತ್ತು ಅಡಿ. 13 ನಿಯಮಗಳನ್ನು ಬರೆದು, 1891ನೆಯ ಡಿಸೆಂಬರ 21ರಂದು ಒಂದು ಕಡೆಗೆ ಒಂಬತ್ತು ಮಂದಿಯಂತೆ ಆಡಿಸಿದರು. ಬುಟ್ಟಿಗೆ ತಳವಿದ್ದುದರಿಂದ ಒಳಗೆ ಬಿದ್ದ ಚೆಂಡನ್ನು ಏಣಿ ಹತ್ತಿ ತೆಗೆಯಬೇಕಾಗಿದ್ದಿತು. ಆದರೆ ಮೊದಲ ದಿನ ಆ ಶ್ರಮ ಹೆಚ್ಚಾಗಲಿಲ್ಲ. ಇಡೀ ಆಟದಲ್ಲಿ ಚೆಂಡು ಬಿದ್ದುದು ಒಂದೇ ಸಲ!

ಮರುವರ್ಷವೇ ಈ ಆಟ ಹೆಣ್ಣುಮಕ್ಕಳನ್ನು ಸೇರಿತು. 1892ರಲ್ಲಿ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿಯು ತನ್ನ ವಿದ್ಯಾರ್ಥಿನಿಯರಿಗೆ ಇದನ್ನು ಕಲಿಸಿದಳು. 1893ರ ಮಾರ್ಚಿಯಲ್ಲಿ ಅಲ್ಲಿ ಎರಡು ತರಗತಿಗಳ ಹುಡುಗಿಯರು ಎದುರೆದುರಾಗಿ ಆಡಿದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲವಂತೆ. “ಆವತ್ತಾಗಿದ್ರ ನೀವೂ ನಾನೂ ಬಾಗಿಲ ಹೊರಗ ನಿಲ್ಲಬೇಕಿತ್ತು ನೋಡ್ರಿ ಸರ್” ಎಂದು ನಿರ್ದೇಶಕರು ನಕ್ಕರು. ನಮ್ಮ ದೇಶಕ್ಕೂ ಇದನ್ನು ತಂದವರು ವೈ.ಎಂ.ಸಿ.ಎ.ಯವರೇ, 1920ರಲ್ಲಿ ಮದರಾಸಿನಲ್ಲಿ ಅವರು ತೆರೆದ ದೈಹಿಕ ಶಿಕ್ಷಣದ ವಿದ್ಯಾಲಯವೇ ಇಂಥ ಆಟಗಳ ಉಪಾಧ್ಯಾಯರನ್ನು ಹಲವು ಕಾಲ ತಯಾರಿಸಿತು. ಭಾರತದ ಪುರುಷರ ತಂಡವು 1980ರಲ್ಲಿ ಮಾಸ್ಕೋ ಒಲಿಂಪಿಕ್ಸಿನಲ್ಲಿ ಆಡಿದುದುಂಟು.

ನಾನೂ ಸುಮ್ಮನಿರಲಿಲ್ಲ. ಹೆಣ್ಣುಮಕ್ಕಳ ಚೆಂಡಾಟ ನಮಗೆ ಹೊಸತಲ್ಲವೆಂದು, ದಂಡಿಯ ದಶಕುಮಾರಚರಿತದ ಕಥೆಯನ್ನು ಅವರಿಗೆ ಹೇಳಿದೆನು. ಅದರ ಆರನೆಯ ಉಚ್ಛ್ವಾಸದಲ್ಲಿ ಮಿತ್ರಗುಪ್ತನು ಸುಹ್ಮದೇಶದ ದಾಮಲಿಪ್ತ ನಗರಕ್ಕೆ ಬಂದಾಗ ಅಲ್ಲಿ ಕಂದುಕೋತ್ಸವ ನಡೆಯುತ್ತಿರುತ್ತದೆ. ರಾಜಕುಮಾರಿಯಾದ ಕಂದುಕಾವತಿಯು ವಿಂಧ್ಯವಾಸಿನಿಯ ಪ್ರೀತ್ಯರ್ಥವಾಗಿ, ಸಮಸ್ತ ಜನರೆದುರಿನಲ್ಲಿ ಚೆಂಡನ್ನು ಪುಟಿಸಿ ಆಡುತ್ತಾಳೆ. ಅವಳ ಹೆಜ್ಜೆಗಳಿಗೂ ಹೊಡೆತಗಳಿಗೂ ದಂಡಿಯು ಬೇರೆಬೇರೆ ಹೆಸರುಗಳನ್ನೇ ಕೊಟ್ಟಿದ್ದಾನೆ. ಆ ಪ್ರಕರಣವನ್ನು ನಾನು ಎಷ್ಟೋ ಸಲ ಆಸಕ್ತರಾದ ಮಕ್ಕಳಿಗೆ ಓದಿ ಹೇಳಿದ್ದೆನು. ಹಾಗೆ ಹೇಳುವಾಗ ನನ್ನ ಧ್ವನಿಯಲ್ಲಿ ಸ್ವಲ್ಪ ಗರ್ವವೇ ಇದ್ದಿರಬೇಕು. ಆ ಗರ್ವ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಮೊದಲನೆಯದು ಹುಡುಗರ ಪಂದ್ಯ. ಎರಡು ತಂಡಗಳೂ ನನಗೆ ಅಪರಿಚಿತ; ಯಾರು ಗೆದ್ದರೂ ನನಗೆ ಲಾಭವಿಲ್ಲ, ನಷ್ಟವಿಲ್ಲ. ಜಯಾಪಜಯಗಳನ್ನು ಸಮನಾಗಿ ಕಾಣಬೇಕೆಂದು ಮಕ್ಕಳಿಗೆ ಮೂವತ್ತು ವರ್ಷ ಉಪದೇಶಿಸಿದ ನನಗೆ ಇದು ಸುಲಭವಾದ ಪರೀಕ್ಷೆಯೆಂದು ಭಾವಿಸಿದೆನು. ಐದು ನಿಮಿಷಗಳಾಗುವಷ್ಟರಲ್ಲಿ ಅನುತ್ತೀರ್ಣನಾದೆನು. ಒಂದು ತಂಡದಲ್ಲಿ ಎಲ್ಲರಿಗಿಂತ ಗಿಡ್ಡನಾದ ಹುಡುಗನೊಬ್ಬನಿದ್ದನು. ಎತ್ತರದವರ ತೋಳುಗಳ ಕೆಳಗೆ ನುಸುಳಿ ಅವನು ಚೆಂಡನ್ನು ಬಳೆಗೆ ಮುಟ್ಟಿಸಿದ ಕ್ಷಣದಿಂದ ಆ ತಂಡವೇ ನನ್ನ ತಂಡವಾಯಿತು. ಅವನ ಮೇಲೆ ಫೌಲು ಕೊಟ್ಟಾಗ ತೀರ್ಪುಗಾರರು ಪಕ್ಷಪಾತಿಗಳಂತೆ ಕಂಡರು. ಎದುರಾಳಿಗೆ ಫೌಲು ಕೊಟ್ಟಾಗ ಅವರೇ ಧರ್ಮರಾಯರಾದರು. ಕೊನೆಯ ಪಾದದಲ್ಲಿ ಅಂಕಗಳು ಸಮವಾದಾಗ ಎದ್ದು ನಿಂತಿದ್ದೆನು. ಎದ್ದುದು ಯಾವಾಗಲೆಂಬುದು ನನಗೇ ತಿಳಿಯದು. ಗಿಡ್ಡ ಹುಡುಗನ ತಂಡ ಮೂರು ಅಂಕಗಳಿಂದ ಗೆದ್ದಿತು. ಸೋತವರಲ್ಲಿ ಒಬ್ಬನು ಕಂಬಕ್ಕೆ ಹಣೆಯಿಟ್ಟು ನಿಂತುದನ್ನು ಕಂಡ ಮೇಲೆ ನನ್ನ ಚಪ್ಪಾಳೆ ತಾನಾಗಿಯೇ ನಿಂತಿತು.

“ಇದು ಸೋತವರು ಹೊರಗ ಹೋಗೂ ಪದ್ಧತಿರಿ ಸರ್. ಒಂದ ಸಲ ಸೋತ್ರ ಮುಗೀತು” ಎಂದು ನಿರ್ದೇಶಕರು ಹೇಳಿದರು. ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆನು. ಹದಿನಾರು ತಂಡಗಳಿದ್ದರೆ ಹದಿನೈದು ಪಂದ್ಯಗಳು. ಹದಿನೈದು ತಂಡಗಳು ಒಂದೊಂದು ಸಲ ಸೋಲಲೇಬೇಕು. ಸೋಲದೆ ಮನೆಗೆ ಹೋಗುವುದು ಒಂದೇ ತಂಡ. ಎಂಟು ತಂಡಗಳಿಗೆ ಮೊದಲ ಸುತ್ತೇ ಕೊನೆಯದು. ಪತ್ರಿಕೆಗಳಲ್ಲಿ ಅಂತಿಮ ಪಂದ್ಯದ ಚಿತ್ರ ಬರುತ್ತದೆ. ಆದರೆ ಪಂದ್ಯಾವಳಿಯ ಮುಖವನ್ನು ನೋಡಬೇಕೆನ್ನುವವರು ಮೊದಲ ದಿನವೇ ಹೋಗಬೇಕು. ಎಲ್ಲರೂ ಇರುವುದು ಅಂದು ಮಾತ್ರ.

ಅಮೆರಿಕದಲ್ಲಿ ಪುರುಷರ ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿ 1939ರಲ್ಲಿ ಎಂಟೇ ತಂಡಗಳಿಂದ ಮೊದಲಾಗಿ, 2011ರಲ್ಲಿ 68 ತಂಡಗಳಿಗೆ ಬೆಳೆಯಿತೆಂದು ಅವರಿಂದ ತಿಳಿಯಿತು. ಯಾರು ಯಾರನ್ನು ಗೆಲ್ಲುವರೆಂದು ಅಲ್ಲಿಯ ಜನರು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು ಕುಳಿತಿರುತ್ತಾರಂತೆ. ಆರಂಭದ ಪಂದ್ಯಗಳಲ್ಲಿ ಒಂದನೆಯ ಶ್ರೇಯಾಂಕದವರಿಗೆ ಹದಿನಾರನೆಯವರು ಎದುರಾಗುತ್ತಾರೆ. 1985ರಿಂದ 135 ಸಲ ಹೀಗೆ ಆಡಿ, 135 ಸಲವೂ ಒಂದನೆಯವರೇ ಗೆದ್ದಿದ್ದರು. 2018ರ ಮಾರ್ಚಿ 16ರಂದು ಮೇರಿಲ್ಯಾಂಡಿನ ಬಾಲ್ಟಿಮೋರ್ ಕೌಂಟಿಯ ವಿಶ್ವವಿದ್ಯಾಲಯದವರು, ಒಂದನೆಯವರಾದ ವರ್ಜೀನಿಯಾದವರನ್ನು 74ಕ್ಕೆ 54ರಿಂದ ಸೋಲಿಸಿಬಿಟ್ಟರು. ಎಷ್ಟು ಜನರ ಕಾಗದ ಹರಿದುಹೋಯಿತೋ! ಅದಕ್ಕಿಂತಲೂ ನನಗೆ ಹಿಡಿಸಿದುದು ಕಥೆಯ ಉತ್ತರಭಾಗ: ಅಷ್ಟು ಅವಮಾನಪಟ್ಟ ವರ್ಜೀನಿಯಾದವರೇ ಮರುವರ್ಷ, 2019ರಲ್ಲಿ, ಪಂದ್ಯಾವಳಿಯನ್ನು ಗೆದ್ದರು. “ಹಂಗಾದ್ರ ನಮ್ಮ ಹುಡುಗ್ಯಾರೂ ಗೆಲ್ಲಬಹುದಲ್ರಿ?” ಎಂದು ಕೇಳಿದೆನು. ನಿರ್ದೇಶಕರು ಎದುರು ತಂಡವನ್ನು ಒಮ್ಮೆ ನೋಡಿ, ಸುಮ್ಮನೆ ನಕ್ಕರು.

ಹನ್ನೊಂದು ಗಂಟೆಗೆ ನಮ್ಮವರ ಪಂದ್ಯ ಮೊದಲಾಯಿತು. ಎದುರಿನವರು ನಗರದ ದೊಡ್ಡ ಕಾಲೇಜಿನವರು, ಹನ್ನೆರಡು ಮಂದಿ. ನಮ್ಮವರು ಏಳೇ ಮಂದಿ. ಸೀಟಿ ಊದಿತು. ಒಂದು ವಿಚಿತ್ರವನ್ನು ನಾನು ಕಂಡೆನು. ಚೆಂಡು ನಮ್ಮವರ ಕೈಯಲ್ಲಿದ್ದಾಗ ಅವರೇನೂ ಕಡಿಮೆಯವರಾಗಿರಲಿಲ್ಲ. ಎಸೆತ ನೇರ, ಹಿಡಿತ ಭದ್ರ. ಆದರೆ ಚೆಂಡು ಕೈತಪ್ಪಿತೆಂದರೆ ಒಂದು ಕ್ಷಣ ಅಲ್ಲಿಯೇ ನಿಂತುಬಿಡುವರು. ಅಷ್ಟರಲ್ಲಿ ಎದುರಿನವರು ಅಂಗಳದ ಆ ಕೊನೆಗೆ ಓಡಿ, ಕಾವಲಿಲ್ಲದ ಬಳೆಯೊಳಗೆ ಚೆಂಡನ್ನು ಇಳಿಸಿಬಿಡುವರು. ಮತ್ತೆ ಹಾಗೆಯೇ, ಮತ್ತೆ ಹಾಗೆಯೇ. ಮೊದಲ ಪಾದ ಮುಗಿದಾಗ ನಮ್ಮ ಅಂಕ ಸೊನ್ನೆ.

“ಹಿಂದಕ್ಕ ಓಡ್ರಿ! ಹಿಂದಕ್ಕ!” ಎಂದು ಯಾರೋ ಕೂಗುತ್ತಿದ್ದರು. ಆ ಧ್ವನಿ ನನ್ನದೇ.

“ಇವರು ಒಂದ ಕಂಬದ ಮ್ಯಾಲ ಆಡಿ ಕಲ್ತವರು ಕಾಣ್ತಾರ್ರಿ” ಎಂದು ನಿರ್ದೇಶಕರು ಮೆಲ್ಲನೆ ಹೇಳಿದರು. “ಒಂದ ಕಂಬ ಇದ್ದಲ್ಲಿ ಎರಡೂ ಕಡೆಯವರು ಅದರಾಗ ಹಾಕಬೇಕು. ತಿರುಗಿ ಓಡೂ ರೂಢಿ ಎಲ್ಲಿಂದ ಬರಬೇಕು?”

ವಾಚಕರೇ, ಆ ಮಾತು ನನ್ನ ಎದೆಗೆ ನಾಟಿತು. ಏಕೆಂದರೆ ಆ ಒಂದು ಕಂಬ ಯಾವುದೆಂಬುದನ್ನೂ, ಅದು ಒಂದೇ ಏಕೆ ಉಳಿಯಿತೆಂಬುದನ್ನೂ ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

2011ರಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣವನ್ನು ಕೂಡಿಸಿ ಆಟದ ಅಂಗಳಕ್ಕೆಂದು ಕೊಟ್ಟಿದ್ದರು. ಆಗ ನಾನು ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆನು. ಒಂದು ಕಂಬವನ್ನು ನೆಡಿಸಿದ್ದಾಯಿತು. ಎರಡನೆಯದಕ್ಕೆ ಸಾಲುವಷ್ಟು ಹಣ ಉಳಿದಿದ್ದಿತು. ಅದೇ ಸಮಯದಲ್ಲಿ ಗೆದ್ದಲು ಹತ್ತಿ ಗ್ರಂಥಾಲಯದ ಪುಸ್ತಕಗಳು ಹಾಳಾಗತೊಡಗಿದವು. ನಾನು ಆ ಹಣದಿಂದ ಉಕ್ಕಿನ ಕಪಾಟನ್ನು ತರಿಸಿದೆನು. ಆಟದ ಮಾಸ್ತರರು ಬಂದು, “ಒಂದ ಕಂಬ ಅಂದ್ರ ಒಂದ ಎತ್ತಿನ ಗಾಡಿ ಇದ್ದಂಗ್ರಿ ಸರ್” ಎಂದಾಗ, ಪರೀಕ್ಷೆಯಲ್ಲಿ ಚೆಂಡು ಬರುವುದಿಲ್ಲ, ಪುಸ್ತಕ ಬರುತ್ತದೆ ಎಂದು ಉತ್ತರ ಕೊಟ್ಟೆನು. ಅಷ್ಟೇ ಅಲ್ಲ, ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಆಟದ ಅವಧಿಯನ್ನು ಅವರಿಂದ ಕೇಳಿ ತೆಗೆದುಕೊಂಡು ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆನು. ಕೊಟ್ಟವರು ಆಟಕ್ಕೆಂದು ಕೊಟ್ಟುದನ್ನು ಬೇರೆಯದಕ್ಕೆ ತಿರುಗಿಸಿದುದು ತಪ್ಪೆಂದು ಅಂದು ನನಗೆ ತೋರಲಿಲ್ಲ. ಕಂದುಕಾವತಿಯ ಕಥೆಯನ್ನು ಓದಿ ಹೇಳಿದವನೂ ನಾನೇ, ಹುಡುಗಿಯರ ಕಂದುಕವನ್ನು ಕಸಿದುಕೊಂಡವನೂ ನಾನೇ. ಈ ಹುಡುಗಿಯರ ಕಾಲೇಜಿನಲ್ಲಿ ಅಂಗಳವೇ ಇಲ್ಲದುದರಿಂದ ಅವರು ಸಂಜೆ ಅಭ್ಯಾಸ ಮಾಡುತ್ತಿದ್ದುದು ನಮ್ಮ ಶಾಲೆಯ ಆ ಒಂಟಿ ಕಂಬದ ಕೆಳಗೇ.

ಎರಡನೆಯ ಪಾದದ ನಡುವೆ ನಮ್ಮ ಮಗಳು ಕಮಾನುಗೆರೆಯ ಹತ್ತಿರದಿಂದ ಎಸೆದ ಚೆಂಡು ಬಳೆಯ ಮೇಲೆ ಎರಡು ಸುತ್ತು ಸುತ್ತಿ ಒಳಗೆ ಬಿದ್ದಿತು. ಅದು ನಮ್ಮವರ ಮೊದಲ ಅಂಕ. ಅಂಗಳದ ಸುತ್ತ ನೆರೆದವರೆಲ್ಲ, ಎದುರು ಕಾಲೇಜಿನವರೂ ಸಹ, ಚಪ್ಪಾಳೆ ತಟ್ಟಿದರು. ನನಗೆ ಚಪ್ಪಾಳೆ ತಟ್ಟಲಾಗಲಿಲ್ಲ, ಕನ್ನಡಕವನ್ನು ಒರೆಸಿಕೊಳ್ಳುತ್ತಿದ್ದೆನು. ಅಲ್ಲಿಂದ ಮುಂದೆ ಅವರು ಪಾಠ ಕಲಿಯತೊಡಗಿದರು. ಚೆಂಡು ತಪ್ಪಿದೊಡನೆ ತಿರುಗಿ ಓಡುವುದನ್ನು, ಆಡುತ್ತಾಡುತ್ತಲೇ, ಸೋಲುತ್ತಸೋಲುತ್ತಲೇ ಕಲಿತರು. ಮೂರನೆಯ ಪಾದದಲ್ಲಿ ಒಬ್ಬಳು ಐದು ಫೌಲಾಗಿ ಹೊರಗೆ ಬಂದಳು. ಇನ್ನೊಬ್ಬಳ ಕಾಲು ಉಳುಕಿತು. ಹೊರಗೆ ಕುಳಿತು ಕಾಯತಕ್ಕವರು ಯಾರೂ ಉಳಿಯದೆ ಐವರೇ ಕೊನೆಯವರೆಗೆ ಆಡಿದರು. ಕೊನೆಯ ಪಾದವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಅವರು ಎದುರಿನವರಿಗಿಂತ ಎರಡೇ ಅಂಕ ಹಿಂದೆ. ಪಂದ್ಯವನ್ನು ಸೋತುದು 47ಕ್ಕೆ 19ರಿಂದ.

ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ನಿರ್ದೇಶಕರು ಬಂದು ಹುಡುಗಿಯರಿಗೆ ಸಮಾಧಾನ ಹೇಳಿದರು: ಒಂದೇ ಕಂಬದಲ್ಲಿ ಮೂವರು ಮೂವರಾಗಿ ಆಡುವ ಆಟವೂ ಈಗ ಒಲಿಂಪಿಕ್ಸಿಗೆ ಸೇರಿದೆ, 2021ರಲ್ಲಿ ಟೋಕಿಯೋದಲ್ಲಿ ಅದನ್ನು ಮೊದಲ ಸಲ ಆಡಿಸಿದರು, ಆದುದರಿಂದ ನೀವು ಕಲಿತುದು ವ್ಯರ್ಥವಲ್ಲ. ಹುಡುಗಿಯರು ನಕ್ಕರು. ನನಗೆ ಆ ಸಮಾಧಾನ ಸಾಲಲಿಲ್ಲ. ಬಸ್ ನಿಲ್ದಾಣಕ್ಕೆ ನಡೆಯುವಾಗ ಮಗಳಿಗೆ ಕಪಾಟಿನ ಸಂಗತಿಯನ್ನು ಹೇಳಿಬಿಟ್ಟೆನು.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನಗ ಗೊತ್ತದರಿ ದೊಡ್ಡಪ್ಪ. ಆಟದ ಸರ್ ಹೇಳಿದ್ರು” ಎಂದಳು. ಇನ್ನೂ ನಾಲ್ಕು ಹೆಜ್ಜೆ ನಡೆದು, “ಆ ಕಪಾಟಿನ್ಯಾಗಿನ ಪುಸ್ತಕ ನಾನೂ ಓದೀನ್ರಿ. ಪುಸ್ತಕಾನೂ ಬೇಕಾಗಿತ್ತು. ಕಂಬಾನೂ ಬೇಕಾಗಿತ್ತು” ಎಂದಳು.

ಬೈದಿದ್ದರೆ ಸಹಿಸುತ್ತಿದ್ದೆನು, ಹೊಗಳಿದ್ದರೆ ಮರೆಯುತ್ತಿದ್ದೆನು. ಈ ಮಾತಿನಲ್ಲಿ ಎರಡಕ್ಕೂ ಎಡೆಯಿರಲಿಲ್ಲ. ಹಿಂದಿರುಗುವಾಗ ಸಂಜೆಯ ಬಿಸಿಲಿನಲ್ಲಿ ತೊಗರಿಯ ಹೂ ಬೆಳಗಿನದಕ್ಕಿಂತಲೂ ಹೊಳೆಯುತ್ತಿದ್ದಿತು. ಹುಡುಗಿಯರು ಸೋತವರೆಂದು ಯಾರೂ ಹೇಳಲಾರದಷ್ಟು ಗದ್ದಲ ಮಾಡುತ್ತಿದ್ದರು. ಯಾವ ಎಸೆತ ಹೇಗೆ ತಪ್ಪಿತು, ಮುಂದಿನ ವರ್ಷ ಯಾರು ಎಲ್ಲಿ ನಿಲ್ಲಬೇಕು ಎಂಬುದೇ ಅವರ ಚರ್ಚೆ. ನಾನೂ ಒಂದೆರಡು ಸಲಹೆ ಕೊಟ್ಟೆನು. ವಿನಯದಿಂದ ಕೇಳಿಸಿಕೊಂಡು ತಿರಸ್ಕರಿಸಿದರು.

ಮರುವಾರ ಶಾಲೆಗೆ ಹೋಗಿ ಈಗಿನ ಮುಖ್ಯೋಪಾಧ್ಯಾಯರನ್ನು ಕಂಡೆನು. ಎರಡನೆಯ ಕಂಬದ ಖರ್ಚು ನನ್ನ ಪಿಂಚಣಿಯಿಂದಲೆಂದು ತಿಳಿಸಿದಾಗ ಅವರು ಸಂಕೋಚಪಟ್ಟರು. ಇದು ದಾನವಲ್ಲ, ಹಳೆಯ ಸಾಲವೆಂದು ಒಪ್ಪಿಸಿದೆನು. ಆ ಸಂಜೆ ಹಗ್ಗದ ಒಂದು ತುದಿಯನ್ನು ಹಳೆಯ ಕಂಬದ ಬುಡದಲ್ಲಿ ಮಗಳು ಹಿಡಿದಳು. ಇನ್ನೊಂದು ತುದಿಯನ್ನು ಹಿಡಿದು ನಾನು ಅಂಗಳದ ಆಚೆಯ ಕೊನೆಗೆ ನಡೆದೆನು. ಅಳತೆ ಮುಗಿದಲ್ಲಿ ಒಂದು ಕಲ್ಲನ್ನು ನೆಟ್ಟು ಬಂದೆವು.

ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಊರಿನ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕಗಳೆಷ್ಟಿವೆಯೆಂದು ನೀವು ವಿಚಾರಿಸುವವರೇ ಇರುತ್ತೀರಿ. ಹಿಂದಿರುಗುವಾಗ ಆಟದ ಅಂಗಳದತ್ತಲೂ ಹೋಗಿ, ಅಲ್ಲಿ ಕಂಬಗಳೆಷ್ಟಿವೆಯೆಂದು ಒಮ್ಮೆ ಎಣಿಸಿ ಬನ್ನಿರಿ.